ಹುಳು ಹೆಕ್ಕದೆ ಎರೆಗೊಬ್ಬರ ತೆಗೆಯುವುದು ಹೇಗೆ?

ಓದುಗರ ಪ್ರಶ್ನೆ: ಮನೆಯಲ್ಲಿ ಪ್ಲಾಸ್ಟಿಕ್ ಡಬ್ಬವೊಂದರಲ್ಲಿ ಎರೆಹುಳುಗಳನ್ನು ಸಾಕಲು ಆರಂಭಿಸಿ ಐದು ತಿಂಗಳಾಯಿತು. ಹಾಕಿದ ತರಕಾರಿ ಸಿಪ್ಪೆಯೆಲ್ಲ ಕರಗಿ ಡಬ್ಬದ ಮುಕ್ಕಾಲು ಭಾಗ ಕಪ್ಪಗಾಗಿದೆ. ಆದರೆ ಎಲ್ಲಿ ಕೈ ಹಾಕಿದರೂ ಹುಳುಗಳು ಸಿಗುತ್ತವೆ. ಗೊಬ್ಬರ ತೆಗೆಯುವ ಹದಕ್ಕೆ ಬಂದಿದೆಯೇ ಎಂದು ತಿಳಿಯುವುದು ಹೇಗೆ, ಹುಳುಗಳಿಗೆ ತೊಂದರೆಯಾಗದಂತೆ ಅದನ್ನು ಬೇರ್ಪಡಿಸುವುದು ಹೇಗೆ?

ಉತ್ತರ: ಎರೆಹುಳು ಸಾಕಣೆಗೆ ತೊಡಗಿದ ಬಹುತೇಕರಿಗೆ ಮೊದಲ ಬಾರಿ ಗೊಬ್ಬರ ತೆಗೆಯಲು ಕುಳಿತಾಗ ಏಳುವ ಪ್ರಶ್ನೆ ಇದು. ಚಿಕ್ಕದಾಗಿ ಹೇಳುವುದಾದರೆ, ಹುಳುಗಳನ್ನು ಒಂದೊಂದಾಗಿ ಹೆಕ್ಕುವ ಕೆಲಸಕ್ಕೆ ಕೈ ಹಾಕಬೇಡಿ. ಅವು ತಾವಾಗಿಯೇ ಗೊಬ್ಬರವನ್ನು ಬಿಟ್ಟು ಸರಿಯುವಂತೆ ಏರ್ಪಾಡು ಮಾಡಿ, ಸರಿಯುವಷ್ಟು ದಿನ ಕಾಯಿರಿ. ಮನೆಗಳಲ್ಲಿ ಅನುಸರಿಸುವ ವಿಧಾನಗಳು ಹಲವಿದ್ದರೂ ಅವೆಲ್ಲವೂ ಬಹುಮಟ್ಟಿಗೆ ಎರೆಹುಳುವಿನ ಮೂರು ಸ್ವಭಾವಗಳನ್ನು ನೆಚ್ಚಿಕೊಂಡಿವೆ: ಅದು ಬೆಳಕಿಗೆ ಅಂಜುತ್ತದೆ, ತೇವವನ್ನು ಅರಸುತ್ತದೆ, ಆಹಾರವಿದ್ದ ಕಡೆಗೆ ಬರುತ್ತದೆ.

ಎರೆಹುಳುವಿಗೆ ಕಣ್ಣಿಲ್ಲ. ಆದರೂ ಅದರ ಚರ್ಮದಲ್ಲಿ, ಅದರಲ್ಲೂ ತಲೆಯ ಭಾಗದಲ್ಲಿ, ಬೆಳಕನ್ನು ಗ್ರಹಿಸುವ ಜೀವಕೋಶಗಳಿವೆ. ಶ್ವಾಸಕೋಶವೂ ಇಲ್ಲ, ಒದ್ದೆ ಚರ್ಮದ ಮೂಲಕವೇ ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ಚರ್ಮ ಒಣಗಿತೆಂದರೆ ಉಸಿರು ನಿಂತಂತೆಯೇ. ಬೆಳಕು ಬಿದ್ದೊಡನೆ ಅದು ಒಳಕ್ಕೆ ನುಸುಳುವುದು ಜೀವ ಉಳಿಸಿಕೊಳ್ಳುವುದಕ್ಕಾಗಿ. ಕೆಂಪು ಬೆಳಕಿಗೆ ಮಾತ್ರ ಅದು ಅಷ್ಟಾಗಿ ಸ್ಪಂದಿಸುವುದಿಲ್ಲ. ರಾತ್ರಿ ಟಾರ್ಚಿನ ಬಾಯಿಗೆ ದಟ್ಟ ಕೆಂಪು ಬಣ್ಣದ ಪಾರದರ್ಶಕ ಹಾಳೆಯನ್ನು ಕಟ್ಟಿ ಮುಚ್ಚಳ ತೆರೆದು ನೋಡಿದರೆ, ಹಗಲಿನಲ್ಲಿ ಕಣ್ಣಿಗೆ ಬೀಳದ ಹುಳುಗಳು ಮೇಲ್ಪದರದಲ್ಲಿ ನಿಶ್ಚಿಂತೆಯಿಂದ ಮೇಯುತ್ತಿರುವುದು ಕಾಣುತ್ತದೆ. ಒಮ್ಮೆಯಾದರೂ ಹೀಗೆ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಹುಳುಗಳು ಡಬ್ಬದ ಯಾವ ಭಾಗದಲ್ಲಿ ಹೆಚ್ಚಾಗಿವೆ ಎಂಬುದು ಆಗ ಸ್ಪಷ್ಟವಾಗುತ್ತದೆ. ಗೊಬ್ಬರಕ್ಕಾಗಿ ಸಾಕುವ ಐಸೀನಿಯಾ ಫೆಟಿಡಾ, ಯೂಡ್ರಿಲಸ್ ಯೂಜೀನಿಯೇ ಮೊದಲಾದ ಜಾತಿಗಳು ಮಣ್ಣಿನ ಆಳದಲ್ಲಿ ಬಿಲ ತೋಡಿ ವಾಸಿಸುವಂಥವಲ್ಲ. ಕೊಳೆಯುತ್ತಿರುವ ಎಲೆ, ಕಸ, ಸಗಣಿಯ ಪದರದಲ್ಲೇ ಬದುಕುವಂಥವು. ಆದ್ದರಿಂದ ಹೊಸ ಆಹಾರ ಮೇಲಿದ್ದಷ್ಟು ಕಾಲ ಅವುಗಳಲ್ಲಿ ಹೆಚ್ಚಿನವು ಮೇಲೆಯೇ ಇರುತ್ತವೆ, ತಳದ ಹಳೆಯ ಗೊಬ್ಬರದಲ್ಲಿ ಕಡಿಮೆ ಇರುತ್ತವೆ.

ಈಗ ಹದದ ವಿಷಯ. ಹುಳುಗಳ ಸಂಖ್ಯೆ, ಉಷ್ಣತೆ ಮತ್ತು ಹಾಕುವ ಕಸವನ್ನು ಅವಲಂಬಿಸಿ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಮೊದಲ ಬಾರಿ ಗೊಬ್ಬರ ತೆಗೆಯಬಹುದು. ಆದರೆ ತಿಂಗಳ ಲೆಕ್ಕಕ್ಕಿಂತ ಕಣ್ಣು, ಮೂಗು, ಬೆರಳುಗಳ ಲೆಕ್ಕವೇ ಹೆಚ್ಚು ನಂಬತಕ್ಕದ್ದು. ಹದಕ್ಕೆ ಬಂದ ಗೊಬ್ಬರ ಕಾಫಿ ಚರಟದಂತೆ ಕಪ್ಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಸಣ್ಣ ಸಣ್ಣ ಹರಳುಗಳಾಗಿರುತ್ತದೆ, ಹಾಕಿದ ಸಿಪ್ಪೆ ಯಾವುದೆಂದು ಗುರುತು ಸಿಗದಷ್ಟು ಬದಲಾಗಿರುತ್ತದೆ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಅದರಿಂದ ಬರುತ್ತದೆ. ಇದು ಬರಿಯ ಹೋಲಿಕೆಯ ಮಾತಲ್ಲ. ಮಣ್ಣಿಗೂ ಮಾಗಿದ ಗೊಬ್ಬರಕ್ಕೂ ಆ ವಾಸನೆ ಕೊಡುವುದು ಸ್ಟ್ರೆಪ್ಟೊಮೈಸಿಸ್ ಮುಂತಾದ ಸೂಕ್ಷ್ಮಜೀವಿಗಳು ಉತ್ಪಾದಿಸುವ ಜಿಯೋಸ್ಮಿನ್ ಎಂಬ ಒಂದೇ ಸಂಯುಕ್ತ. ಹುಳಿ ವಾಸನೆಯೋ ಕೊಳೆತ ಮೊಟ್ಟೆಯ ವಾಸನೆಯೋ ಬರುತ್ತಿದ್ದರೆ ಒಳಗೆ ಗಾಳಿಯಾಡುತ್ತಿಲ್ಲ, ಕೆಲಸ ಇನ್ನೂ ಮುಗಿದಿಲ್ಲ ಎಂದೇ ತಿಳಿಯಬೇಕು.

ಪ್ರತಿಯೊಂದು ಚೂರೂ ಕರಗಲಿ ಎಂದು ಕಾಯುತ್ತ ಕೂರುವುದು ಸರಿಯಲ್ಲ. ತಿನ್ನಲು ಏನೂ ಉಳಿಯದೆ ತಮ್ಮ ಹಿಕ್ಕೆಯಲ್ಲೇ ಬಹುಕಾಲ ಇರಬೇಕಾಗಿ ಬಂದರೆ ಹುಳುಗಳು ಸೊರಗುತ್ತವೆ, ಗಾತ್ರದಲ್ಲಿ ಕುಗ್ಗುತ್ತವೆ, ಮೊಟ್ಟೆಯಿಡುವುದನ್ನು ಕಡಿಮೆ ಮಾಡುತ್ತವೆ. ಹರಳುಗಳು ಒಡೆದು ಜೇಡಿಯಂತೆ ಅಂಟಿಕೊಳ್ಳುತ್ತ ಹೋದ ಹಾಗೆ ಗಾಳಿಯ ಸಂಚಾರ ನಿಲ್ಲುತ್ತದೆ. ನಿಮ್ಮ ಡಬ್ಬದ ಮುಕ್ಕಾಲು ಭಾಗ ಕಪ್ಪಗಾಗಿದೆ ಎಂದಿದ್ದೀರಿ. ಕೊಯ್ಲಿಗೆ ಸರಿಯಾದ ಹೊತ್ತು ಇದೇ. ಕಾಲು ಭಾಗ ಅರೆಕೊಳೆತಿದ್ದರೆ ಅದು ಹುಳುಗಳೊಂದಿಗೆ ಮತ್ತೆ ಡಬ್ಬಕ್ಕೇ ಸೇರುತ್ತದೆ.

ಕೊಯ್ಲಿನ ದಿನಕ್ಕಿಂತ ಅದರ ಹಿಂದಿನ ಎರಡು ವಾರಗಳು ಮುಖ್ಯ ಎಂಬುದು ನನ್ನ ಅನುಭವದ ಮಾತು. ಮೊದಲ ಸಲ ನಾನು ಯಾವ ಸಿದ್ಧತೆಯೂ ಇಲ್ಲದೆ, ಅಂದೇ ಬೆಳಿಗ್ಗೆ ಸಿಪ್ಪೆ ಹಾಕಿದ್ದ ಡಬ್ಬವನ್ನು ಸಂಜೆ ಬೋರಲು ಹಾಕಿ ಜರಡಿ ಹಿಡಿದೆ. ಹಸಿ ಗೊಬ್ಬರ ಜರಡಿಯ ಕಣ್ಣುಗಳಿಗೆ ಮೆತ್ತಿಕೊಂಡಿತು. ಅದನ್ನು ಕೈಯಿಂದ ಉಜ್ಜಿ ಇಳಿಸಲು ಹೋದಾಗ ಹುಳುಗಳು ತಂತಿಗೆ ಸಿಕ್ಕಿ ತುಂಡಾದವು. ಎರೆಹುಳುವನ್ನು ಎರಡು ತುಂಡು ಮಾಡಿದರೆ ಎರಡು ಹುಳುಗಳಾಗುತ್ತವೆ ಎಂಬ ನಂಬಿಕೆ ಹಲವರಲ್ಲಿದೆ, ಅದು ಸುಳ್ಳು. ಬಾಲದ ಕಡೆ ಸ್ವಲ್ಪ ತುಂಡಾದರೆ ತಲೆಯ ಭಾಗ ಚೇತರಿಸಿಕೊಳ್ಳಬಹುದು, ಆದರೆ ತುಂಡಾದ ಬಾಲ ಸಾಯುತ್ತದೆ. ಅಂದು ಸತ್ತ ಹುಳುಗಳನ್ನು ನೆನೆದರೆ ನನಗೆ ಇಂದಿಗೂ ಬೇಸರವಾಗುತ್ತದೆ. ಆಮೇಲೆ ಎಂದೂ ನಾನು ಹಸಿ ಗೊಬ್ಬರವನ್ನು ಜರಡಿಗೆ ಹಾಕಿಲ್ಲ.

ಆದ್ದರಿಂದ ಮೊದಲು ಹೊಸ ಆಹಾರ ಹಾಕುವುದನ್ನು ಎರಡು ವಾರ ನಿಲ್ಲಿಸಿ. ಉಳಿದ ಚೂರುಗಳನ್ನು ಹುಳುಗಳು ಅಷ್ಟರಲ್ಲಿ ತಿಂದು ಮುಗಿಸುತ್ತವೆ, ಹಸಿವಿನಿಂದ ಸಾಯುವ ಭಯವಿಲ್ಲ. ನೀರು ಚಿಮುಕಿಸುವುದನ್ನೂ ನಿಲ್ಲಿಸಿ, ಮುಚ್ಚಳವನ್ನು ಸ್ವಲ್ಪ ಸರಿಸಿಡಿ. ಒಂದು ಹಿಡಿ ಗೊಬ್ಬರವನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ: ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಅದು ಬಹಳ ಹಸಿ, ಉಂಡೆಯಾಗಿ ನಿಂತು, ಬೆರಳಿಂದ ತಟ್ಟಿದೊಡನೆ ಪುಡಿಯಾಗಿ ಉದುರಿದರೆ ಹದ ಸರಿಯಾಗಿದೆ. ತೇವ ಇಳಿಯದೇ ಇದ್ದರೆ ಹರಿದ ವೃತ್ತಪತ್ರಿಕೆ ಅಥವಾ ರಟ್ಟಿನ ಚೂರುಗಳನ್ನು ಬೆರೆಸಿ ಮೂರು ನಾಲ್ಕು ದಿನ ಬಿಡಿ.

ನಿಮ್ಮಂತೆ ಒಂದೇ ಡಬ್ಬ ಇಟ್ಟುಕೊಂಡವರಿಗೆ ನಾನು ಮೊದಲು ಸೂಚಿಸುವುದು ಪಕ್ಕಕ್ಕೆ ಸರಿಸುವ ವಿಧಾನವನ್ನು. ಸಿದ್ಧವಾದ ಗೊಬ್ಬರವನ್ನೆಲ್ಲ ಡಬ್ಬದ ಒಂದು ಬದಿಗೆ ಒತ್ತರಿಸಿ. ಖಾಲಿಯಾದ ಬದಿಯಲ್ಲಿ ನೆನೆಸಿ ಹಿಂಡಿದ ಕಾಗದದ ಚೂರು, ಒಣ ಎಲೆಗಳನ್ನು ಹಾಸಿ, ಅದರ ನಡುವೆ ಆಹಾರವನ್ನು ಹುದುಗಿಸಿ. ಹಣ್ಣಿನ ಸಿಪ್ಪೆಯ ಸಿಹಿಗೆ ಅವು ಬೇಗ ಬರುತ್ತವೆ. ಇನ್ನು ಮುಂದೆ ಆಹಾರವೂ ನೀರೂ ಆ ಬದಿಗೆ ಮಾತ್ರ. ಹೊಸ ಬದಿಯ ಮೇಲೆ ಒದ್ದೆ ಬಟ್ಟೆಯನ್ನು ಹೊದಿಸಿ, ಹಳೆಯ ಬದಿಯನ್ನು ತೆರೆದೇ ಬಿಡಿ. 2ರಿಂದ 4 ವಾರಗಳಲ್ಲಿ ಹೆಚ್ಚಿನ ಹುಳುಗಳು ಹೊಸ ಮನೆಗೆ ಹೋಗಿರುತ್ತವೆ, ಹಳೆಯ ಬದಿಯ ಗೊಬ್ಬರ ತುಸು ಒಣಗಿ ಬೊಗಸೆಯಲ್ಲಿ ಎತ್ತುವಂತಾಗಿರುತ್ತದೆ. ಕೆಲವು ಹುಳುಗಳು ಉಳಿದೇ ಉಳಿಯುತ್ತವೆ, ಅವಕ್ಕೆ ಮುಂದೆ ದಾರಿಯಿದೆ. ಒಂದರ ಮೇಲೊಂದು ತಟ್ಟೆ ಜೋಡಿಸುವ ಡಬ್ಬಗಳಲ್ಲಿ ನಡೆಯುವುದೂ ಇದೇ, ಅಲ್ಲಿ ಹುಳುಗಳು ಪಕ್ಕಕ್ಕೆ ಸರಿಯುವ ಬದಲು ತೂತುಗಳ ಮೂಲಕ ಮೇಲಿನ ತಟ್ಟೆಗೆ ಹತ್ತುತ್ತವೆ.

ಅಷ್ಟು ದಿನ ಕಾಯಲಾಗದು, ಒಂದೇ ದಿನದಲ್ಲಿ ಮುಗಿಯಬೇಕು ಎನ್ನುವವರಿಗೆ ಬೆಳಕಿನ ವಿಧಾನವಿದೆ. ಮನೆಮಂದಿಯೆಲ್ಲ, ಅದರಲ್ಲೂ ಮಕ್ಕಳು, ಸುತ್ತ ಕುಳಿತು ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ. ಬಿಸಿಲು ನೇರವಾಗಿ ಬೀಳದ ಆದರೆ ಬೆಳಕು ಚೆನ್ನಾಗಿರುವ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಡಬ್ಬದಲ್ಲಿರುವುದನ್ನು ಒಂದು ಗೇಣೆತ್ತರದ ಗೋಪುರಗಳಂತೆ ಏಳೆಂಟು ಗುಡ್ಡೆ ಮಾಡಿ. ಗುಡ್ಡೆ ಮಾಡಿದ ಕ್ಷಣದಲ್ಲಿ ಮೇಲ್ಮೈಯೆಲ್ಲ ಮಿಸುಕುತ್ತಿರುತ್ತದೆ: ಇಲ್ಲೊಂದು ಬಾಲ, ಅಲ್ಲೊಂದು ಮಡಿಕೆ, ಕೆಂಪು ದಾರದ ತುಂಡುಗಳು ಎಳೆದುಕೊಂಡಂತೆ. ಹತ್ತು ಹದಿನೈದು ನಿಮಿಷ ಬಿಟ್ಟು ಬಂದರೆ ಮೇಲ್ಮೈ ಸ್ತಬ್ಧವಾಗಿರುತ್ತದೆ, ಒಂದು ಹುಳುವೂ ಕಾಣುವುದಿಲ್ಲ. ಆಗ ತುದಿಯಿಂದಲೂ ಬದಿಗಳಿಂದಲೂ ಬೆರಳ ತುದಿಯಲ್ಲಿ ಗೊಬ್ಬರವನ್ನು ಸವರಿ ತೆಗೆಯಿರಿ. ಹುಳು ಸಿಕ್ಕಿದೊಡನೆ ನಿಲ್ಲಿಸಿ, ಮುಂದಿನ ಗುಡ್ಡೆಗೆ ಹೋಗಿ. ಕೊನೆಯ ಗುಡ್ಡೆ ಮುಗಿಯುವಷ್ಟರಲ್ಲಿ ಮೊದಲನೆಯದರ ಹುಳುಗಳು ಮತ್ತೆ ಒಳಕ್ಕೆ ಇಳಿದಿರುತ್ತವೆ. ಹೀಗೆ ಐದಾರು ಸುತ್ತು ಆದ ಮೇಲೆ ಪ್ರತಿ ಗುಡ್ಡೆಯ ತಳದಲ್ಲಿ ಉಳಿಯುವುದು ಒಂದಕ್ಕೊಂದು ಹೆಣೆದುಕೊಂಡ ಹುಳುಗಳ ಒದ್ದೆ ಮುದ್ದೆ ಮಾತ್ರ. ಅದನ್ನು ಕೂಡಲೇ ತೇವವಿರುವ ಹಾಸಿಗೆಗೆ ಸೇರಿಸಿ. ಬಿಸಿಲಿನಲ್ಲಿ ಮಾಡಿದರೆ ಬೇಗ ಆಗುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಕಪ್ಪು ಗೊಬ್ಬರ ಬಿಸಿಲಿಗೆ ಬಹಳ ಬೇಗ ಕಾಯುತ್ತದೆ, 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಐಸೀನಿಯಾ ಹುಳುಗಳು ಬದುಕುವುದು ಕಷ್ಟ.

ಜರಡಿಯ ಬಳಕೆ ಕಡೆಯ ಹಂತಕ್ಕೆ. ಹುಳುಗಳನ್ನು ಬೇರ್ಪಡಿಸಿದ, ತುಸು ಆರಿದ ಗೊಬ್ಬರವನ್ನು 5–6 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಉಜ್ಜದೆ ಅಲುಗಿಸಿ ಇಳಿಸಿದರೆ ಕಡ್ಡಿ, ಗೊರಟೆ, ಅರೆಕೊಳೆತ ಚೂರುಗಳು ಮೇಲೆ ಉಳಿಯುತ್ತವೆ. ಅವು ಡಬ್ಬಕ್ಕೆ ವಾಪಸು.

ಇಷ್ಟೆಲ್ಲ ಎಚ್ಚರಿಕೆ ವಹಿಸಿದವರೂ ಮರೆಯುವ ಸಂಗತಿ ಒಂದಿದೆ, ಅದು ಮೊಟ್ಟೆಗಳದು. ತೆಗೆದ ಗೊಬ್ಬರವನ್ನು ಬಿಳಿ ತಟ್ಟೆಯ ಮೇಲೆ ತೆಳುವಾಗಿ ಹರಡಿ ನೋಡಿದರೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ, ಎರಡೂ ತುದಿ ಚೂಪಾದ, ಪುಟ್ಟ ನಿಂಬೆಹಣ್ಣಿನ ಆಕಾರದ ಗುಳಿಗೆಗಳು ಕಾಣುತ್ತವೆ. ಇವು ಐಸೀನಿಯಾ ಹುಳುವಿನ ಮೊಟ್ಟೆಗೂಡುಗಳು. ಇಟ್ಟ ಹೊಸತರಲ್ಲಿ ತಿಳಿ ಹಳದಿಯಾಗಿದ್ದು, ದಿನ ಕಳೆದಂತೆ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತವೆ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಒಡೆಯುವ ದಿನ ಹತ್ತಿರವಾದ ಗೂಡಿನೊಳಗೆ ಎಳೆಯ ಹುಳು ಸುರುಳಿ ಸುತ್ತಿಕೊಂಡು ಮಿಸುಕುವುದೂ ಕಾಣಬಹುದು. ಬೆಚ್ಚಗಿನ ಹವೆಯಲ್ಲಿ ಒಂದು ಗೂಡು ಒಡೆಯಲು ಸುಮಾರು 3–4 ವಾರ ಬೇಕು, ಒಂದೊಂದರಿಂದ ಸಾಮಾನ್ಯವಾಗಿ ಎರಡು ಮೂರು ಮರಿಗಳು ಹೊರಬರುತ್ತವೆ. ಬಿಳಿ ನೂಲಿನ ಎಳೆಯಂತಿರುವ ಆ ಮರಿಗಳು ಮೊಟ್ಟೆಯಿಡುವ ವಯಸ್ಸಿಗೆ ಬರಲು ಸುಮಾರು ಎರಡು ತಿಂಗಳಾಗುತ್ತದೆ. ಗೂಡುಗಳಿಗೆ ಬೆಳಕಿನ ಅಂಜಿಕೆಯಿಲ್ಲ, ಅವು ಎಲ್ಲಿಗೂ ಸರಿಯಲಾರವು. ಆದ್ದರಿಂದ ಯಾವ ವಿಧಾನದಲ್ಲಿ ಗೊಬ್ಬರ ತೆಗೆದರೂ ಮುಂದಿನ ಪೀಳಿಗೆಯ ಒಂದು ಪಾಲು ಗೊಬ್ಬರದೊಂದಿಗೇ ಹೊರಟುಹೋಗುತ್ತದೆ.

ಅದಕ್ಕಾಗಿ ತೆಗೆದ ಗೊಬ್ಬರವನ್ನು ಕೂಡಲೇ ಬಳಸದೆ ಇನ್ನೊಂದು ಡಬ್ಬದಲ್ಲಿ, ತೇವ ಆರದಂತೆ, ಮೂರು ವಾರ ಇಡಿ. ನಡುವೆ ಬಲೆಯ ಚೀಲವೊಂದರಲ್ಲಿ ಹಣ್ಣಿನ ಸಿಪ್ಪೆ ತುಂಬಿ ಹೂತಿಡಿ. ನಾಲ್ಕೈದು ದಿನಕ್ಕೊಮ್ಮೆ ಚೀಲವನ್ನು ಎತ್ತಿ ನೋಡಿದರೆ, ಉಳಿದಿದ್ದ ದೊಡ್ಡ ಹುಳುಗಳೂ ಹೊಸ ಮರಿಗಳೂ ಅದರೊಳಗೆ ಸೇರಿರುತ್ತವೆ. ಚೀಲದಲ್ಲಿರುವುದನ್ನು ಹಾಗೆಯೇ ಮೂಲ ಡಬ್ಬಕ್ಕೆ ಸುರಿದರಾಯಿತು. ಈ ಕಾಯುವಿಕೆಯಿಂದ ಇನ್ನೊಂದು ಲಾಭವಿದೆ. 55 ಡಿಗ್ರಿಯವರೆಗೆ ಕಾಯುವ ಕಾಂಪೋಸ್ಟ್ ರಾಶಿಯಲ್ಲಿ ಬಹುತೇಕ ಬೀಜಗಳು ಸಾಯುತ್ತವೆ, ಎರೆಹುಳುವಿನ ಡಬ್ಬ ಹಾಗೆ ಕಾಯುವುದಿಲ್ಲ. ಹೀಗಾಗಿ ಟೊಮೆಟೊ ಮೊದಲಾದ ಬೀಜಗಳು ಜೀವಂತವಾಗಿ ಉಳಿದು ಈ ಅವಧಿಯಲ್ಲಿ ಮೊಳೆಯುತ್ತವೆ, ಆಗಲೇ ಕಿತ್ತು ಹಾಕಬಹುದು.

ಸಿದ್ಧವಾದ ಗೊಬ್ಬರವನ್ನು ಬಟ್ಟೆಯ ಚೀಲದಲ್ಲೋ ಮುಚ್ಚಳಕ್ಕೆ ತೂತಿರುವ ಡಬ್ಬದಲ್ಲೋ ನೆರಳಿನಲ್ಲಿಡಿ. ಗಾಳಿಯಾಡದಂತೆ ಬಿಗಿದಿಟ್ಟರೆ ನಾರುತ್ತದೆ, ಒಣಗಲು ಬಿಟ್ಟರೆ ಹರಳುಗಳು ಗಟ್ಟಿಯಾಗಿ ನೀರನ್ನು ಹೀರಿಕೊಳ್ಳಲು ಹಿಂಜರಿಯುತ್ತವೆ, ಅದರಲ್ಲಿನ ಸೂಕ್ಷ್ಮಜೀವಿಗಳೂ ಬಹಳಷ್ಟು ನಶಿಸುತ್ತವೆ. ಆರು ತಿಂಗಳೊಳಗೆ ಬಳಸಿ ಮುಗಿಸುವುದು ಮೇಲು. ಗಿಡಗಳನ್ನು ಬರಿಯ ಎರೆಗೊಬ್ಬರದಲ್ಲಿ ನೆಡಬೇಡಿ. ಅದು ಬಹಳ ನುಣುಪು, ನೀರನ್ನು ಹಿಡಿದಿಟ್ಟು ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ. ಕುಂಡದ ಮಿಶ್ರಣದಲ್ಲಿ ನೂರಕ್ಕೆ 10ರಿಂದ 20 ಪಾಲು ಸಾಕು. ಬೆಳೆದ ಗಿಡಕ್ಕಾದರೆ ಬುಡದ ಸುತ್ತ ಒಂದೆರಡು ಹಿಡಿ ಹರಡಿ ಮಣ್ಣಿನಲ್ಲಿ ಬೆರೆಸಿ.

ಇನ್ನು ಹುಳುಗಳ ಮರುವಾಸ. ಡಬ್ಬವನ್ನು ತಿಕ್ಕಿ ತೊಳೆದು ಹೊಸದಾಗಿ ಆರಂಭಿಸುವುದು ಬೇಡ. ಹಳೆಯ ಗೊಬ್ಬರದ ಐದನೆಯ ಒಂದು ಪಾಲನ್ನು ಉಳಿಸಿ ಹೊಸ ಹಾಸಿಗೆಗೆ ಬೆರೆಸಿ. ಅವು ಬಲ್ಲ ಸೂಕ್ಷ್ಮಜೀವಿಗಳು ಅದರಲ್ಲಿರುತ್ತವೆ, ಹೊಸ ಜಾಗದ ಗಾಬರಿ ಕಡಿಮೆಯಾಗುತ್ತದೆ. ಮೊದಲ ವಾರ ಎಂದಿನ ಅರ್ಧದಷ್ಟು ಆಹಾರ ಸಾಕು. ಸ್ಥಳಾಂತರವಾದ ಹುಳುಗಳು ಮೊದಲೆರಡು ರಾತ್ರಿ ಡಬ್ಬದ ಗೋಡೆಯೇರಿ ಹೊರಬರಲು ನೋಡುವುದುಂಟು. ಆ ಎರಡು ರಾತ್ರಿ ಮುಚ್ಚಳ ತೆರೆದು ಮೇಲೊಂದು ದೀಪ ಉರಿಸಿಡಿ. ಬೆಳಕಿರುವಷ್ಟು ಹೊತ್ತು ಅವು ಹಾಸಿಗೆಯೊಳಗೇ ಇರುತ್ತವೆ, ಮೂರನೆಯ ರಾತ್ರಿ ದೀಪವಾರಿಸಿ ಮುಚ್ಚಳ ಹಾಕಬಹುದು.