ಕೃಷಿ ಮೇಳದ ದುಡ್ಡು: ಯಾರ ಲೆಕ್ಕದಲ್ಲಿ, ಯಾವ ತಿಂಗಳಲ್ಲಿ?

ತಾಲ್ಲೂಕು ಮಟ್ಟದ ಕೃಷಿ ಮೇಳಕ್ಕೆ, ಊರಿನ ದನಗಳ ಜಾತ್ರೆಗೆ ಸರ್ಕಾರ ದುಡ್ಡು ಏಕೆ ಕೊಡಬೇಕು ಎಂಬ ಪ್ರಶ್ನೆ ಆಗಾಗ ತಲೆ ಎತ್ತುತ್ತದೆ. ಮೊಬೈಲಿನಲ್ಲೇ ಎಲ್ಲವೂ ಸಿಗುತ್ತದಲ್ಲ ಎನ್ನುವವರಿದ್ದಾರೆ. ಮಳಿಗೆ ಬಾಡಿಗೆ, ಪ್ರಾಯೋಜಕರ ಹಣದಲ್ಲೇ ಮೇಳ ನಡೆಯಲಿ ಎನ್ನುವವರೂ ಇದ್ದಾರೆ. ಈ ದುಡ್ಡು ಎಲ್ಲಿ ಹುಟ್ಟಿತು, ಯಾರ ಯಾರ ಕೈ ದಾಟಿ ಬಂತು ಎಂದು ನೋಡದೆ ಈ ವಾದಕ್ಕೆ ಉತ್ತರ ಸಿಗುವುದಿಲ್ಲ.

ಜಾತ್ರೆಗಳು ಸರ್ಕಾರಿ ಇಲಾಖೆಗಳಿಗಿಂತ ಹಳೆಯವು. ಸುಗ್ಗಿ ಮುಗಿದು ಎತ್ತಿಗೆ ಬಿಡುವು, ರೈತನ ಕೈಯಲ್ಲಿ ನಾಲ್ಕು ಕಾಸು ಇರುವ ಹೊತ್ತಿಗೆ ಅವು ಸೇರುತ್ತವೆ: ದೊಡ್ಡಬಳ್ಳಾಪುರದ ಘಾಟಿ ಸುಬ್ರಹ್ಮಣ್ಯದಲ್ಲಿ ಡಿಸೆಂಬರ್ ಆಸುಪಾಸಿಗೆ, ಕೆ.ಆರ್. ನಗರದ ಚುಂಚನಕಟ್ಟೆಯಲ್ಲಿ ಸಂಕ್ರಾಂತಿ ಹೊತ್ತಿಗೆ, ತುಮಕೂರಿನ ಸಿದ್ಧಗಂಗೆಯಲ್ಲಿ ಶಿವರಾತ್ರಿಗೆ. ಬಾಯಿ ಬಿಡಿಸಿ ಹಲ್ಲು ಎಣಿಸುವುದು, ಮೈ ಸವರಿ ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಸಿ ಕಾಲಿಡುವ ರೀತಿ ಗಮನಿಸುವುದು, ಆಮೇಲೆ ಟವಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದು. ಹಳ್ಳಿಕಾರ್ ತಳಿಯ ಗುಣ ಕೆಡದಂತೆ ಉಳಿದದ್ದರಲ್ಲಿ ಇಂಥ ಸಾವಿರಾರು ಕಣ್ಣುಗಳ ಪಾಲು ದೊಡ್ಡದು. ಅರಸರ ಕಾಲದಲ್ಲೂ ರಾಸುಗಳು ರಾಜ್ಯದ ಲೆಕ್ಕದಲ್ಲೇ ಇದ್ದವು. ಮೈಸೂರಿನ ಅಮೃತಮಹಲ್ ಅರಮನೆಯ ಹಣದಲ್ಲಿ ಬೆಳೆದ ತಳಿ.

ಮೈಸೂರು ಸಂಸ್ಥಾನದ ಕೃಷಿ ಇಲಾಖೆ ರೂಪುಗೊಂಡದ್ದು 1913ರಲ್ಲಿ. ಅದರ ಮೊದಲ ನಿರ್ದೇಶಕ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಅವರು ಮಲೆನಾಡಿನ ತೋಟಗಳಲ್ಲೇ ಮಾಡಿಸಿ ತೋರಿಸಿದರು. ಕಣ್ಣಾರೆ ಕಂಡರೆ ಮಾತ್ರ ರೈತ ನಂಬುತ್ತಾನೆ ಎಂಬ ತಿಳಿವಳಿಕೆ ಅಂದಿನಿಂದಲೂ ಇಲಾಖೆಗೆ ಇದೆ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, 1986ರಲ್ಲಿ ಧಾರವಾಡದ್ದು, 2000ದ ಹೊತ್ತಿಗೆ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ, 2008ರಲ್ಲಿ ರಾಯಚೂರಿನ ವಿಶ್ವವಿದ್ಯಾಲಯ: ಹೀಗೆ ರೈತನಿಗೆ ತಿಳಿಸಿ ತೋರಿಸುವ ವ್ಯವಸ್ಥೆಗಳು ಒಂದರ ಹಿಂದೆ ಒಂದು ಬಂದವು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ ಮೇಳ. ಧಾರವಾಡದಲ್ಲಿ ಸೆಪ್ಟೆಂಬರಿನಲ್ಲಿ, ಅಲ್ಲಿ ಹಿಂಗಾರಿಯ ಜೋಳ, ಕಡಲೆ ಬೀಜಕ್ಕೆ ಸಾಲು ನಿಲ್ಲುತ್ತದೆ. ಟಿವಿಯಲ್ಲಿ ಕಾಣುವುದು ಯಂತ್ರಗಳ ಮಳಿಗೆ, ಜನಜಂಗುಳಿ. ಮೇಳದ ಜೀವಾಳ ಇರುವುದು ಹಿಂದಿನ ಹೊಲದಲ್ಲಿ, ಪ್ರಾತ್ಯಕ್ಷಿಕೆಯ ತಾಕುಗಳಲ್ಲಿ. ಜಿಪಿಯು-28, ಎಂಆರ್-6, ಎಂಎಲ್-365 ಎಂದು ಫಲಕ ಹೊತ್ತ ರಾಗಿಯ ತಾಕುಗಳು ಅಕ್ಕಪಕ್ಕದಲ್ಲೇ ನಿಂತಿರುತ್ತವೆ. ಬದುವಿನ ಮೇಲೆ ಒಂದು ಗಂಟೆ ನಿಂತು ನೋಡಿ. ಬಂದ ರೈತ ಫಲಕದಲ್ಲಿ ಬರೆದ ಎಕರೆವಾರು ಇಳುವರಿಯನ್ನು ಓದಿ ಸುಮ್ಮನಾಗುವುದಿಲ್ಲ. ಬಗ್ಗಿ ದಂಟು ಹಿಡಿದು ಎತ್ತರ ಅಳೆಯುತ್ತಾನೆ, ದನಕ್ಕೆ ಹುಲ್ಲು ಎಷ್ಟು ಸಿಗುತ್ತದೆ ಎಂಬುದು ಅವನ ಮೊದಲ ಲೆಕ್ಕ. ತೆನೆಯನ್ನು ಅಂಗೈಯಲ್ಲಿ ಉಜ್ಜಿ ಹೊಟ್ಟು ಊದಿ ಕಾಳು ನೋಡುತ್ತಾನೆ. ಪಕ್ಕದಲ್ಲಿ ನಿಂತ ಗುರುತಿಲ್ಲದವನನ್ನು ‘ನಿಮ್ಮ ಕಡೆ ಇದಕ್ಕೆ ಬೆಂಕಿ ರೋಗ ಬಿತ್ತಾ ಅಣ್ಣ?’ ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಕೊಡುವವನಿಗೆ ಮಾರುವುದಕ್ಕೆ ಏನೂ ಇಲ್ಲ. ಅದಕ್ಕೇ ಆ ಉತ್ತರಕ್ಕೆ ಬೆಲೆ.

ಈ ತಾಕಿಗೆ ಪ್ರಾಯೋಜಕರು ಸಿಗುವುದು ಕಷ್ಟ. ಕಂಪನಿ ತನ್ನ ಬೀಜದ, ತನ್ನ ಗೊಬ್ಬರದ ಮಳಿಗೆ ಹಾಕುತ್ತದೆ. ಹಾಕುವುದರಲ್ಲಿ ತಪ್ಪೇನೂ ಇಲ್ಲ. ಆದರೆ ರೈತ ತಾನೇ ಎತ್ತಿಟ್ಟುಕೊಂಡು ಮರುವರ್ಷ ಬಿತ್ತಬಹುದಾದ ರಾಗಿ ತಳಿಯನ್ನು ತೋರಿಸುವುದರಿಂದ ಯಾವ ಕಂಪನಿಗೂ ಲಾಭವಿಲ್ಲ. ಅಂಥದ್ದನ್ನು ತೋರಿಸಬೇಕಾದರೆ ಸಾರ್ವಜನಿಕ ಹಣವೇ ಬೇಕು. ದೊಡ್ಡ ಮೇಳಗಳಿಗೆ ಮಳಿಗೆ ಬಾಡಿಗೆಯಾದರೂ ಹುಟ್ಟುತ್ತದೆ. ತಾಲ್ಲೂಕಿನ ಮೇಳಕ್ಕೆ ಅದೂ ಇಲ್ಲ.

ಗೋಜಲು ಶುರುವಾಗುವುದೇ ಈ ಸಣ್ಣ ಮೇಳಗಳಲ್ಲಿ. ಅವುಗಳ ಹಣ ಒಂದೇ ಕಡೆಯಿಂದ ಬರುವುದಿಲ್ಲ. ಒಂದಿಷ್ಟು ರೈತರಿಗೆ ತರಬೇತಿ, ಪ್ರಾತ್ಯಕ್ಷಿಕೆ ನಡೆಸುವ ‘ಆತ್ಮ’ (ಕೃಷಿ ತಂತ್ರಜ್ಞಾನ ನಿರ್ವಹಣಾ ಸಂಸ್ಥೆ) ಯೋಜನೆಯಿಂದ. ಅದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬಾರದು. ಒಂದಿಷ್ಟು ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಂದ. 2021ರಲ್ಲಿ ಅವುಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ನಮ್ಮೂರ ಜಾತ್ರೆಗೆ ಇಷ್ಟು ಎಂದು ಸಭೆಯಲ್ಲಿ ಎದ್ದು ಕೇಳುವ ಸದಸ್ಯರೇ ಇಲ್ಲವಾದರು. ಇನ್ನು ಜಾತ್ರೆ ಮಾಳದ ನೀರಿನ ತೊಟ್ಟಿ, ದೀಪ, ಒಳ್ಳೆಯ ರಾಸಿಗೆ ಬಹುಮಾನ ಇವನ್ನು ಹಲವೆಡೆ ನೋಡಿಕೊಳ್ಳುತ್ತಿದ್ದದ್ದು ಎಪಿಎಂಸಿಗಳು, ಅಂದರೆ ಕೃಷಿ ಮಾರುಕಟ್ಟೆ ಸಮಿತಿಗಳು. ಅವುಗಳ ಆದಾಯವಾದ, ಶೇ 1.5 ಇದ್ದ ಮಾರುಕಟ್ಟೆ ಶುಲ್ಕ 2020ರಲ್ಲಿ ಒಮ್ಮೆ ಶೇ 0.35ಕ್ಕೆ ಇಳಿದು, ಆಮೇಲೆ ಶೇ 0.60ಕ್ಕೆ ಬಂತು. ಆದಾಯ ಸೊರಗಿದಾಗ ಸಂಬಳ, ಗೋದಾಮು ಮೊದಲು, ತೊಟ್ಟಿ ಕೊನೆಗೆ.

ಇದರ ಮೇಲೆ ಕೋವಿಡ್ ಬಂತು. ಹಿಂದೆಯೇ 2022ರಲ್ಲಿ ಚರ್ಮಗಂಟು ರೋಗ ಹರಡಿ ಜಾನುವಾರು ಜಾತ್ರೆ, ಸಂತೆಗಳಿಗೆ ನಿಷೇಧ ಬಿತ್ತು. ಆ ನಿಷೇಧ ಬೇಕಾದದ್ದೇ. ಆದರೆ ನಿಂತ ಜಾತ್ರೆ ಮತ್ತೆ ಕೂಡುವುದು ಸುಲಭವಲ್ಲ. ಎತ್ತು ಕಟ್ಟುವ ಮನೆಗಳೇ ಕಡಿಮೆಯಾಗುತ್ತಿವೆ. 2012ಕ್ಕೆ ಹೋಲಿಸಿದರೆ 2019ರ ಜಾನುವಾರು ಗಣತಿಯಲ್ಲಿ ದೇಶದ ನಾಟಿ ದನಗಳ ಸಂಖ್ಯೆ ಸುಮಾರು ಶೇ 6ರಷ್ಟು ಕುಸಿದಿತ್ತು. ಎರಡು ವರ್ಷ ಜಾತ್ರೆ ತಪ್ಪಿದವನು ಮೂರನೇ ವರ್ಷ ಜೋಡಿ ಮಾರಿ ಟಿಲ್ಲರ್ ತರುತ್ತಾನೆ.

ಜನ ಬರುವುದಿಲ್ಲ, ಅದಕ್ಕೇ ಹಣ ಬೇಡ ಎಂಬ ವಾದ ಹುಟ್ಟಿದ್ದು ಈ ವರ್ಷಗಳಲ್ಲಿ. ನೀರು, ದೀಪ, ಪಶುವೈದ್ಯರ ಶಿಬಿರ ಇರುವ ಮಾಳಕ್ಕೆ ರಾಸು ಬರುತ್ತವೆ, ಇಲ್ಲದ ಮಾಳಕ್ಕೆ ಬರುವುದಿಲ್ಲ. ನೀರು, ದೀಪ ಮೊದಲು ನಿಂತವೋ, ರಾಸು ಬರುವುದು ಮೊದಲು ನಿಂತಿತೋ ಎಂದು ಆಯಾ ಊರಿನವರನ್ನೇ ಕೇಳಬೇಕು.

ಮೊತ್ತದ ಮಾತಿನ ನಡುವೆ ಮರೆತುಹೋಗುವುದು ತಿಂಗಳು. ಸರ್ಕಾರದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಮೇಳ, ಜಾತ್ರೆಗಳದ್ದು ಬಿತ್ತನೆ–ಸುಗ್ಗಿಯ ವರ್ಷ. ನವೆಂಬರಿನಲ್ಲಿ ತೆನೆ ತೋರಿಸಬೇಕಾದರೆ ರಾಗಿ ಜುಲೈ, ಆಗಸ್ಟ್‌ನಲ್ಲೇ ಬಿದ್ದಿರಬೇಕು. ಅದಕ್ಕೆ ಮೊದಲೇ ಉಳುಮೆ, ಬೀಜ, ಗೊಬ್ಬರದ ಹಣ ಕೈಗೆ ಬರಬೇಕು. ಮೇಳದ ಹಿಂದಿನ ವಾರ ಬಂದ ಹಣದಲ್ಲಿ ಶಾಮಿಯಾನ ಹಾಕಬಹುದು, ವೇದಿಕೆ ಕಟ್ಟಬಹುದು, ಶಾಲು ತರಬಹುದು, ತೆನೆ ಬರಿಸಲಾಗದು. ಶಿವರಾತ್ರಿ ಜಾತ್ರೆಯ ಅನುದಾನ ಮಾರ್ಚ್ ಕೊನೆಗೆ ಬಿಡುಗಡೆಯಾದರೆ ಮಾಳದಲ್ಲಿ ಒಂದು ಗೂಟವೂ ಉಳಿದಿರುವುದಿಲ್ಲ. ತಾಲ್ಲೂಕು ಮೇಳಕ್ಕೆ, ದನಗಳ ಜಾತ್ರೆಗೆ ಬಜೆಟ್ಟಿನಲ್ಲಿ ಪ್ರತ್ಯೇಕ ಲೆಕ್ಕ ಶೀರ್ಷಿಕೆ ಕೊಟ್ಟು, ಮೇಳದ ಹಣ ಮುಂಗಾರಿಗೆ ಮೊದಲು, ಜಾತ್ರೆಯದ್ದು ದೀಪಾವಳಿಯೊಳಗೆ ತಲುಪುವಂತೆ ಮಾಡಿದರೆ ಈಗಿನ ಮೊತ್ತದಲ್ಲೇ ತಾಕುಗಳು ಎದ್ದು ನಿಲ್ಲುತ್ತವೆ, ತೊಟ್ಟಿಗಳಲ್ಲಿ ನೀರು ತುಂಬಿರುತ್ತದೆ.