ಪದ ಪರಿಚಯ: ‘ರಿಸರ್ಚ್ ವಿಸಿಟ್’ ಅಂದರೆ ಬರೀ ಭೇಟಿಯಲ್ಲ

‘ಅವರು ಊರಲ್ಲಿಲ್ಲ, ಮೂರು ವಾರ ವಿಸಿಟ್ ಮೇಲೆ ಹೋಗಿದ್ದಾರೆ.’ ವಿಶ್ವವಿದ್ಯಾಲಯಗಳಲ್ಲಿ ಓಡಾಡುವವರಿಗೆ ಈ ಮಾತು ಹೊಸದಲ್ಲ. ಹೊರಗಿನವರಿಗೆ ಮಾತ್ರ ಇದು ಅರ್ಧ ರಜೆ, ಅರ್ಧ ಪ್ರವಾಸ ಅನ್ನಿಸುತ್ತದೆ. ತಪ್ಪು ಕೇಳಿದವರದಲ್ಲ, ಪದದ್ದೇ. ಭೇಟಿ ಅಂದರೆ ಹೋಗಿ, ಮಾತಾಡಿಸಿ, ವಾಪಸ್ ಬರೋದು, ಅಲ್ವಾ?

ಸಂಶೋಧಕರ ಬಾಯಲ್ಲಿ ಅದರ ಅರ್ಥ ಬೇರೆ. ಒಬ್ಬರು ತಮ್ಮ ಸಂಸ್ಥೆಯ ಕೆಲಸ ಬಿಡದೆ, ಇನ್ನೊಂದು ಸಂಸ್ಥೆಗೆ ಹೋಗಿ, ಕೆಲವು ದಿನವೋ ಕೆಲವು ತಿಂಗಳೋ ಅಲ್ಲಿನವರ ಜೊತೆ ಕೂತು ಕೆಲಸ ಮಾಡುವುದೇ ರಿಸರ್ಚ್ ವಿಸಿಟ್. ಸಂಬಳ ಸಾಮಾನ್ಯವಾಗಿ ಮೂಲ ಸಂಸ್ಥೆಯದು. ಮೇಜು, ಲೈಬ್ರರಿ, ಲ್ಯಾಬಿನ ಬೀಗದ ಕೈ ಕರೆಸಿಕೊಂಡವರದು. ಹಾಗೆ ಕರೆಸಿಕೊಂಡವರಿಗೆ ‘ಹೋಸ್ಟ್’ ಅನ್ನುತ್ತಾರೆ. ಹೋಸ್ಟ್ ಇಲ್ಲದೆ ವಿಸಿಟ್ ಇಲ್ಲ. ಸುಮ್ನೆ ಹೋಗಿ ಲೈಬ್ರರಿಯಲ್ಲಿ ಕೂತು ಬಂದರೆ ಅದು ಓದು, ವಿಸಿಟ್ ಅಲ್ಲ.

ಇದರ ಅಕ್ಕಪಕ್ಕದ ಪದಗಳನ್ನು ಜನ ಬೆರೆಸಿಬಿಡುತ್ತಾರೆ. ಕಾನ್ಫರೆನ್ಸ್‌ಗೆ ಹೋಗುವುದು ಮುಗಿಸಿದ ಕೆಲಸ ತೋರಿಸಲು. ವಿಸಿಟ್‌ಗೆ ಹೋಗುವುದು ಮುಗಿಯದ ಕೆಲಸ ಹೊತ್ತುಕೊಂಡು. ಸಬ್ಯಾಟಿಕಲ್ ಅಂದರೆ ಪಾಠದ ಹೊರೆಯಿಂದ ಸಿಗುವ ದೀರ್ಘ ಬಿಡುವು. ಏಳನೇ ದಿನದ ವಿಶ್ರಾಂತಿಗೆ ಹೀಬ್ರೂನಲ್ಲಿರುವ ‘ಶಬ್ಬತ್’ ಅದರ ಮೂಲ. ಸಬ್ಯಾಟಿಕಲ್ಲನ್ನು ಮನೆಯಲ್ಲೇ ಕೂತು ಪುಸ್ತಕ ಬರೆದೂ ಕಳೆಯಬಹುದು. ಸೆಕೆಂಡ್‌ಮೆಂಟ್ ಅಂದರೆ ನಮ್ಮ ಕಚೇರಿ ಭಾಷೆಯ ‘ಎರವಲು ಸೇವೆ’: ಸಂಸ್ಥೆಯೇ ತನ್ನವರನ್ನು ಇನ್ನೊಂದು ಸಂಸ್ಥೆಗೆ ಕಡ ಕೊಡುವುದು.

ವರ್ಕ್‌ಶಾಪ್ ಮಾತ್ರ ಸ್ವಲ್ಪ ವಿಚಿತ್ರ ಪ್ರಾಣಿ. ಕೆಲವು ಕಡೆ ಅದು ಸಣ್ಣ ಕಾನ್ಫರೆನ್ಸ್, ಅಷ್ಟೇ. ಇನ್ನು ಕೆಲವು ಕಡೆ ಅದು ಒಂದು ವಾರದ ಗುಂಪು ವಿಸಿಟ್. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಕಾಡಿನ ನಡುವೆ ಓಬರ್‌ವೋಲ್ಫಾಖ್ ಎಂಬಲ್ಲಿ 1944ರಲ್ಲಿ ಶುರುವಾದ ಗಣಿತ ಸಂಸ್ಥೆ ಎರಡನೇ ಜಾತಿಯದು. ಆಹ್ವಾನ ಬಂದವರಿಗಷ್ಟೇ ಅಲ್ಲಿ ಪ್ರವೇಶ. ಊಟದ ಮೇಜಿನ ಮೇಲೆ ಹೆಸರಿನ ಚೀಟಿ ಇರುವ ನ್ಯಾಪ್ಕಿನ್‌ಗಳನ್ನು ಅದಲು ಬದಲು ಮಾಡಿ ಇಟ್ಟಿರುತ್ತಾರೆ. ಗೆಳೆಯರ ಪಕ್ಕವೇ ಕೂರುತ್ತೇನೆ ಅಂದರೆ ನಡೆಯುವುದಿಲ್ಲ. ಮುಖಪರಿಚಯವೂ ಇಲ್ಲದವರ ಪಕ್ಕ ಕೂತು, ‘ನೀವು ಏನು ಮಾಡ್ತಿದ್ದೀರಿ?’ ಅಂತ ಕೇಳಲೇಬೇಕು. ಬುಧವಾರ ಮಧ್ಯಾಹ್ನ ಭಾಷಣಗಳಿಗೆ ಬಿಡುವು ಕೊಟ್ಟು ಎಲ್ಲರೂ ಕಾಡಿನಲ್ಲಿ ನಡೆಯಲು ಹೋಗುತ್ತಾರೆ. ನೋಡಿದವರಿಗೆ ಪಿಕ್ನಿಕ್. ಆದರೆ ಇಬ್ಬರು ಗಣಿತಜ್ಞರಿಗೆ ಕೆಲಸ ಮಾಡಲು ಬೇಕಾದದ್ದು ಬಿಡುವು, ದಾರಿ ಮತ್ತು ಮಾತು ತಾನೇ?

ವಿಡಿಯೊ ಕಾಲ್ ಇರುವಾಗ ಇದೆಲ್ಲ ಯಾಕೆ? ನ್ಯಾಯವಾದ ಪ್ರಶ್ನೆ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉತ್ತರ ಒಂದು ದಾರದ ಕತೆ.

ಗುರುತ್ವ ತರಂಗಗಳನ್ನು, ಅಂದರೆ ದೂರದ ಆಕಾಶದಿಂದ ಬರುವ ತೀರಾ ಸೂಕ್ಷ್ಮ ಕಂಪನಗಳನ್ನು, ಹಿಡಿಯುವ ಯಂತ್ರಗಳ ಕನ್ನಡಿಗೆ ಒಳ್ಳೆಯ ವಸ್ತು ಬೇಕಿತ್ತು. ತಟ್ಟಿದರೆ ಗಂಟೆಯ ಹಾಗೆ ತುಂಬಾ ಹೊತ್ತು ಮಿಡಿಯುವ ವಸ್ತು. ನೀಲಮಣಿಯ ಹರಳು ಹಾಗೆ ಮಿಡಿಯುತ್ತದೆ ಅಂತ ಮಾಸ್ಕೋ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಅಳೆದು ಹೇಳಿತ್ತು. ಪಶ್ಚಿಮದ ಲ್ಯಾಬ್‌ಗಳು ತಾವೇ ಅಳೆದಾಗ ಸುಮಾರು 20 ವರ್ಷ ಆ ಅಳತೆ ಸಿಗಲೇ ಇಲ್ಲ. ಸಿಕ್ಕಿದ್ದು 1990ರ ದಶಕದ ಕೊನೆಯಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದವರು ಮಾಸ್ಕೋಗೆ ಹೋಗಿ, ಮಾಸ್ಕೋದವರು ಗ್ಲಾಸ್ಗೋಗೆ ಬಂದು, ಜೊತೆಯಲ್ಲಿ ಕೂತು ಮಾಡಿದ ಮೇಲೆ. ಹರಳನ್ನು ತೂಗುಹಾಕುವ ತೆಳು ದಾರಕ್ಕೆ ಒಂಚೂರು ಜಿಡ್ಡು ಹಚ್ಚಬೇಕಿತ್ತು. ಜಾಸ್ತಿಯಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಮಾಸ್ಕೋದ ಒಬ್ಬ ವಿಜ್ಞಾನಿ ಇದಕ್ಕೆ ಏನು ಮಾಡುತ್ತಿದ್ದರು ಗೊತ್ತಾ? ದಾರವನ್ನು ತಮ್ಮ ಮೂಗಿನ ಮೇಲೋ ಕಿವಿಯ ಹಿಂದೆಯೋ ಒಮ್ಮೆ ಎಳೆಯುತ್ತಿದ್ದರು. ಹದ ಬಂತು!

ಈ ಪ್ರಸಂಗವನ್ನು ಹತ್ತಿರದಿಂದ ನೋಡಿ ಬರೆದವರು ಹ್ಯಾರಿ ಕಾಲಿನ್ಸ್ ಎಂಬ ಸಮಾಜಶಾಸ್ತ್ರಜ್ಞ. ಮೂಗಿನ ಜಿಡ್ಡನ್ನು ಯಾರು ತಾನೇ ಪ್ರಬಂಧದಲ್ಲಿ ಬರೆಯುತ್ತಾರೆ? ಬರೆದರೂ ಎಷ್ಟು ಅಂತ ಬರೆಯೋದು? ಕ್ಯಾಮೆರಾದ ಮುಂದೆ ಕೂತು ‘ನಿಮ್ಮ ವಿಧಾನ ವಿವರಿಸಿ’ ಅಂದರೆ ಆ ಮಾಸ್ಕೋ ವಿಜ್ಞಾನಿಗೇ ಅದು ನೆನಪಾಗಲಿಕ್ಕಿಲ್ಲ. ಪಕ್ಕದಲ್ಲಿ ನಿಂತವರಿಗೆ ಮಾತ್ರ ಕಾಣುತ್ತದೆ. ರಿಸರ್ಚ್ ವಿಸಿಟ್ ಅನ್ನುವ ಪದದ ತಿರುಳು ನನ್ನ ಪ್ರಕಾರ ಇದೇ: ಇನ್ನೊಬ್ಬರ ಕೆಲಸದ ಪಕ್ಕ ನಿಲ್ಲುವುದು.

ಇನ್ನು ಕಾಗದಪತ್ರ. ಇಲ್ಲಿ ಪದವೇ ಕಾಲಿಗೆ ತೊಡರುತ್ತದೆ. ವಿಶ್ವವಿದ್ಯಾಲಯ ನಿಮ್ಮನ್ನು ‘ವಿಸಿಟಿಂಗ್’ ಅಂದಿತು ಅಂತ ವೀಸಾ ಕಚೇರಿಯೂ ‘ವಿಸಿಟರ್’ ಅನ್ನಬೇಕಾಗಿಲ್ಲ. ಅಮೆರಿಕದ್ದೇ ನೋಡಿ. ಸ್ವತಂತ್ರ ಸಂಶೋಧನೆ, ಸಭೆ, ಸಮಾಲೋಚನೆಗೆ ಬಿ–1 ವೀಸಾ ಇದೆ, ವಿನಿಮಯ ಕಾರ್ಯಕ್ರಮದ ಸಂಶೋಧಕರಿಗೆ ಜೆ–1 ಇದೆ. ಬಿ–1ರಲ್ಲಿ ಹೋದವರು ಭಾಷಣಕ್ಕೆ ಗೌರವಧನ ಪಡೆಯುವುದಕ್ಕೂ ಲೆಕ್ಕವಿದೆ. ಒಂದು ಸಂಸ್ಥೆಯಲ್ಲಿ 9 ದಿನ ಮೀರುವಂತಿಲ್ಲ, 6 ತಿಂಗಳಲ್ಲಿ 5ಕ್ಕಿಂತ ಜಾಸ್ತಿ ಸಂಸ್ಥೆಗಳಿಂದ ಪಡೆಯುವಂತಿಲ್ಲ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳ ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನವೇ ಮಿತಿ. ‘ನಾಲ್ಕು ತಿಂಗಳ ವಿಸಿಟ್’ ಅಂತ ಉತ್ಸಾಹದಲ್ಲಿ ಒಪ್ಪಿಕೊಂಡವರು ಈ ಲೆಕ್ಕ ಹಾಕುವ ಹೊತ್ತಿಗೆ ಟಿಕೆಟ್ ಆಗಿರುತ್ತದೆ.

ಹಾಗಾಗಿಯೇ ಆಹ್ವಾನ ಪತ್ರಕ್ಕೆ ಅಷ್ಟು ಬೆಲೆ. ‘ನೀವು ಬಂದರೆ ಸಂತೋಷ’ ಅನ್ನುವ ಇಮೇಲ್ ಸಾಲದು. ಯಾವತ್ತಿಂದ ಯಾವತ್ತಿನವರೆಗೆ, ಯಾರ ಜೊತೆ, ಯಾವ ಕೆಲಸಕ್ಕೆ, ಖರ್ಚು ಯಾರದ್ದು ಅನ್ನುವುದು ಲೆಟರ್‌ಹೆಡ್ ಮೇಲೆ, ಸಹಿಯ ಜೊತೆ ಬರಬೇಕು. ಖರ್ಚಿನ ಸಾಲನ್ನು ಎರಡು ಸಲ ಓದಿ. ‘ವಸತಿ ನೀಡಲಾಗುವುದು’ ಅಂದರೆ ಊಟವೂ ಸೇರಿದೆ ಅಂತಲ್ಲ.

ವಿಸಿಟ್ ಮುಗಿದ ಮೇಲೆ ಹೊರಗೆ ಕಾಣುವಂತೆ ಉಳಿಯುವುದು ಕಡಿಮೆ. ಪ್ರಬಂಧಗಳ ಮೊದಲ ಪುಟದ ಅಡಿಟಿಪ್ಪಣಿಯನ್ನೋ ಕೊನೆಯ ಕೃತಜ್ಞತೆಯನ್ನೋ ನೋಡಿ. ಸಣ್ಣ ಅಕ್ಷರದಲ್ಲಿ ಒಂದು ಸಾಲು ಸಿಗುತ್ತದೆ: ಈ ಕೆಲಸದ ಒಂದು ಭಾಗ ಲೇಖಕರು ಇಂಥ ಸಂಸ್ಥೆಗೆ ಭೇಟಿ ನೀಡಿದ್ದಾಗ ಆಯಿತು, ಅವರ ಆತಿಥ್ಯಕ್ಕೆ ಧನ್ಯವಾದ.