ಬೀದಿ ಬದಿಗೆ ನೆಡುವ ಸಸಿಗೆ ಗುಂಡಿ ಎಷ್ಟು ಆಳ ಇರಬೇಕು?

ಪ್ರಶ್ನೆ: ನಮ್ಮ ಬೀದಿಯ ಎರಡೂ ಬದಿಗೆ ಸಸಿ ನೆಡುತ್ತಿದ್ದೇವೆ. ಮುಂದೆ ದೊಡ್ಡ ಮರವಾಗಿ ಗಾಳಿಗೆ ಬೀಳಬಾರದಲ್ಲ, ಅದಕ್ಕೆ ಗುಂಡಿ ಎಷ್ಟು ಆಳ ತೋಡಿಸಬೇಕು? ಮೂರಡಿ ಸಾಕೇ?

ಉತ್ತರ: ಸಸಿಯ ಚೀಲದೊಳಗೆ ಬೇರು ಸುತ್ತ ಹಿಡಿದಿರುವ ಮಣ್ಣುಹೆಂಟೆ ಎಷ್ಟು ಎತ್ತರವೋ ಅಷ್ಟೇ ಆಳ. ಹೆಂಟೆ ಒಂದಡಿ ಇದ್ದರೆ ಗುಂಡಿಯೂ ಒಂದಡಿ. ಅಗಲ ಮಾತ್ರ ಹೆಂಟೆಯ ಎರಡರಿಂದ ಮೂರು ಪಟ್ಟು ಇರಲಿ. ಪ್ರತಿ ಮಳೆಗಾಲದ ಮೊದಲು ಇದೇ ಪ್ರಶ್ನೆ ಬರುತ್ತದೆ, ಇದೇ ಉತ್ತರ ಹೋಗುತ್ತದೆ. ಆದರೂ ಆಳದ ಗುಂಡಿಯಲ್ಲಿ ಮೊಣಕಾಲಿನವರೆಗೆ ಹೂತ ಸಸಿಗಳೇ ಎಲ್ಲೆಲ್ಲೂ ಕಾಣುತ್ತವೆ. ಹಾಗಾಗಿ ಈ ಸಲ ಕಾರಣವನ್ನೇ ಬಿಡಿಸಿ ಹೇಳಬೇಕು.

ಮರ ಮೇಲೆ ಎಷ್ಟು ಎತ್ತರವೋ ನೆಲದೊಳಗೆ ಬೇರು ಅಷ್ಟು ಆಳ ಎಂಬ ನಂಬಿಕೆಯೇ ಇದಕ್ಕೆಲ್ಲ ಮೂಲ. ಚಿತ್ರ ಬರೆಯುವವರು ಮರದ ಕೆಳಗೆ ಇನ್ನೊಂದು ಮರವನ್ನು ತಲೆಕೆಳಗಾಗಿ ಇಟ್ಟಂತೆ ಬೇರು ಬರೆದು ಬರೆದು ಇದು ಮನಸ್ಸಿನಲ್ಲಿ ಕೂತುಬಿಟ್ಟಿದೆ. ವಾಸ್ತವದಲ್ಲಿ ಮರದ ಬೇರು ಹಾಸಿದ ಚಾಪೆಯಂತೆ. ಬಹುಪಾಲು ಬೇರು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತದೆ. ನೀರು, ಪೋಷಕಾಂಶ ಹೀರುವ ಕೂದಲೆಳೆಯಂಥ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದಡಿಯಲ್ಲೇ. ಅಡ್ಡಕ್ಕಾದರೆ ಕೊಂಬೆಗಳ ಅಂಚನ್ನೂ ದಾಟಿ ಬಹುದೂರ ಹರಡುತ್ತವೆ.

ಹೀಗೇಕೆ? ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿರುವ ಗಾಳಿಯಿಂದಲೇ ಅದಕ್ಕೆ ಆಮ್ಲಜನಕ ಸಿಗಬೇಕು. ಕೆಳಕ್ಕೆ ಹೋದಂತೆ ಆ ಗಾಳಿ ಕಡಿಮೆಯಾಗುತ್ತದೆ. ರೋಲರ್ ಓಡಿಸಿ ಗಟ್ಟಿ ಮಾಡಿದ ರಸ್ತೆ ಬದಿಯಲ್ಲಂತೂ ಅಂಥ ಸಂದಿ ಉಳಿಯುವುದೇ ಅಪರೂಪ. ನೀವು ಮೂರಡಿ ತೋಡಿದರೆ ಬೇರು ಮೂರಡಿಯಿಂದ ಕೆಳಕ್ಕೆ ಇಳಿಯುವುದಿಲ್ಲ. ಉಸಿರು ಸಿಗುವ ಕಡೆಗೆ, ಅಂದರೆ ಮೇಲಕ್ಕೆ ಬರಲು ಹೆಣಗುತ್ತದೆ, ಇಲ್ಲವೇ ಅಲ್ಲೇ ಕೊಳೆಯುತ್ತದೆ.

ಇದಕ್ಕೆ ಎದುರುತ್ತರವೂ ಸಿದ್ಧವಿರುತ್ತದೆ: ಅಮೆರಿಕದ ಅರಿಜೋನಾದ ಗಣಿಯೊಂದರಲ್ಲಿ ಬಳ್ಳಾರಿ ಜಾಲಿಯ ಬಳಗದ ಮರದ ಬೇರು 50 ಮೀಟರಿಗೂ ಹೆಚ್ಚು ಆಳದಲ್ಲಿ ಸಿಕ್ಕಿತ್ತಲ್ಲ? ಸಿಕ್ಕಿದ್ದು ನಿಜ. ಅದು ಒಣನಾಡಿನಲ್ಲಿ ನೀರು ಹುಡುಕಿಕೊಂಡು ಹೋದ ಬೇರು. ಅದನ್ನು ಯಾರೂ ಆಳಕ್ಕೆ ನೆಟ್ಟಿರಲಿಲ್ಲ. ಇಳಿಯಬಲ್ಲ ಬೇರು ತಾನಾಗಿ ಇಳಿಯುತ್ತದೆ, ಅದಕ್ಕಾಗಿ ಕಾಂಡವನ್ನು ಹೂಳಬೇಕಾಗಿಲ್ಲ. ಇನ್ನೊಂದು ವಾದ, ಟೊಮ್ಯಾಟೊ ಸಸಿಯನ್ನು ಆಳಕ್ಕೆ ನೆಟ್ಟರೆ ಚೆನ್ನಾಗಿ ಬರುತ್ತದಲ್ಲ ಎಂಬುದು. ಟೊಮ್ಯಾಟೊ ಹೂತ ಕಾಂಡದಿಂದಲೇ ಬೇರು ಬಿಡುತ್ತದೆ. ಮರಗಳಲ್ಲಿ ಹೆಚ್ಚಿನವು ಹಾಗೆ ಬಿಡುವುದಿಲ್ಲ. ಕಾಂಡದ ತೊಗಟೆ ಗಾಳಿಗೆ ಒಡ್ಡಿಕೊಂಡು ಒಣಗಿರಬೇಕಾದದ್ದು. ವರ್ಷವಿಡೀ ಒದ್ದೆ ಮಣ್ಣು ತಾಗಿದರೆ ಮೆತ್ತಗಾಗಿ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ಮೇಲಕ್ಕೆ ಬಂದ ಬೇರುಗಳು ಹೂತ ಕಾಂಡವನ್ನೇ ಸುತ್ತಿಕೊಂಡು, ಎರಡೂ ದಪ್ಪವಾದಂತೆ ಅದನ್ನು ಬಿಗಿಯುವುದೂ ಉಂಟು. ಈ ಸಾವು ನಿಧಾನ. ನಾಲ್ಕಾರು ವರ್ಷ ಹಸಿರಾಗಿದ್ದು ಆಮೇಲೆ ತುದಿಯಿಂದ ಒಣಗುತ್ತದೆ. ನೆಟ್ಟ ದಿನದ ತಪ್ಪು ಎಂದು ಆಗ ಯಾರಿಗೂ ಹೊಳೆಯುವುದಿಲ್ಲ.

ಸರಿಯಾಗಿ ನೆಟ್ಟ ಮರವನ್ನು ಬುಡದಲ್ಲಿ ನೋಡಿ. ಕಾಂಡ ನೆಲ ಸೇರುವಲ್ಲಿ ಅಗಲವಾಗಿ, ಪಾದ ಊರಿದಂತೆ ನಾಲ್ಕೂ ಕಡೆ ಬೇರಾಗಿ ಕವಲೊಡೆಯುತ್ತದೆ. ಆಳಕ್ಕೆ ಹೂತದ್ದು ವಿದ್ಯುತ್ ಕಂಬದಂತೆ ನೆಟ್ಟಗೆ ಮಣ್ಣಿಗಿಳಿದಿರುತ್ತದೆ. ಸಸಿಯಲ್ಲೂ ಈ ಉಬ್ಬು ಇರುತ್ತದೆ. ನರ್ಸರಿಯಲ್ಲಿ ಚೀಲ ಬದಲಿಸುವಾಗ ಮೇಲೆ ಮಣ್ಣು ತುಂಬಿ ಎಷ್ಟೋ ಸಲ ಅದು ಮುಚ್ಚಿಹೋಗಿರುತ್ತದೆ. ಆದ್ದರಿಂದ ಅಳೆಯುವ ಮೊದಲು ಹೆಂಟೆಯ ಮೇಲಿನ ಮಣ್ಣನ್ನು ಬೆರಳಿನಿಂದ ಕೆರೆದು ಮೊದಲ ದಪ್ಪ ಬೇರು ಹುಡುಕಿ. ಆ ಬೇರು ನೆಲಮಟ್ಟಕ್ಕೆ, ಇಲ್ಲವೇ ಒಂದಂಗುಲ ಮೇಲಕ್ಕೆ ಬರಬೇಕು.

ಗುಂಡಿಯ ತಳವನ್ನು ಸಡಿಲಿಸಬೇಡಿ, ನೀರು ಬಿದ್ದಾಗ ಹೆಂಟೆ ಕುಸಿದು ಮತ್ತೆ ಆಳಕ್ಕೆ ಹೋಗುತ್ತದೆ. ಗೋಡೆಗಳನ್ನು ಮಾತ್ರ ಹಾರೆಯಿಂದ ಒರಟು ಮಾಡಿ. ಚೀಲವನ್ನು ಪೂರ್ತಿ ಹರಿದು ತೆಗೆಯಿರಿ. ತಳ ಮಾತ್ರ ಕತ್ತರಿಸಿ ಉಳಿದದ್ದನ್ನು ಮಣ್ಣಿನಲ್ಲಿ ಬಿಡುವುದು ಬೇಡವೇ ಬೇಡ. ಹೊರಸುತ್ತಿನಲ್ಲಿ ಗಿರಕಿ ಹೊಡೆದ ಬೇರುಗಳಿದ್ದರೆ ಹರಿತವಾದ ಚಾಕುವಿನಿಂದ ಮೂರ್ನಾಲ್ಕು ಕಡೆ ಮೇಲಿನಿಂದ ಕೆಳಕ್ಕೆ ಸೀಳಿ. ಗುಂಡಿಗೆ ತೋಡಿದ ಮಣ್ಣನ್ನೇ ತುಂಬಿ. ಬರೀ ಗೊಬ್ಬರ ಸುರಿದರೆ ಅದು ಕೊಳೆತು ಇಳಿಯುತ್ತದೆ, ಗಿಡವೂ ಜೊತೆಗೆ ಇಳಿಯುತ್ತದೆ. ಗೊಬ್ಬರ ಮೇಲೆ ಹರಡಿದರೆ ಸಾಕು. ಅದರ ಮೇಲೆ ಎರಡು ಮೂರಂಗುಲ ತರಗೆಲೆಯ ಹೊದಿಕೆ ಇರಲಿ, ಕಾಂಡದಿಂದ ನಾಲ್ಕಂಗುಲ ದೂರದಲ್ಲಿ. ನೆಟ್ಟ ದಿನ 15-20 ಲೀಟರ್ ನೀರು ಹಾಕಿ. ಮಳೆಯಿಲ್ಲದಿದ್ದರೆ ಮೊದಲ ಕೆಲವು ವಾರ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಎರಡು ವರ್ಷದವರೆಗೆ.

ಹಾಗಾದರೆ ಬೀದಿ ಮರಗಳು ಬೀಳುವುದೇಕೆ? ಚರಂಡಿಗೋ ಕೇಬಲ್ಲಿಗೋ ಕಾಲುವೆ ತೆಗೆಯುವಾಗ ಒಂದು ಬದಿಯ ಬೇರನ್ನು ಕಡಿದುಹಾಕುತ್ತಾರೆ. ಚಾಪೆಯ ಅರ್ಧ ಹರಿದಮೇಲೆ ಮರ ಯಾವ ಬಲದ ಮೇಲೆ ನಿಂತೀತು? ಎದೆಮಟ್ಟದಲ್ಲಿ ಕಾಂಡ ಒಂದಡಿ ದಪ್ಪವಿದ್ದರೆ ಸುತ್ತ ಕನಿಷ್ಠ ಹನ್ನೆರಡಡಿ ಅಗೆಯದಿರುವುದು ಒಳ್ಳೆಯದು. ಗಾಳಿಗೆ ಬೀಳದಿರಲಿ ಎನ್ನುವವರು ಕಾಯಬೇಕಾದದ್ದು ಈ ಸುತ್ತನ್ನು.

ಆಸರೆ ಕೋಲು ಎಲ್ಲಿಂದ ತರಬೇಕು ಎಂದು ಕೇಳುವವರು ಬಹಳ. ಯಾವಾಗ ಬಿಚ್ಚಬೇಕು ಎಂದು ಕೇಳುವವರಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗಾಳಿಗೆ ತೂಗಾಡಿದರೇ ಕಾಂಡ ದಪ್ಪವಾಗುವುದು, ಬೇರು ಬಿಗಿಯುವುದು. ಹಾಗಾಗಿ ಸಸಿ ತಾನೇ ನಿಲ್ಲುವಂತಿದ್ದರೆ ಕೋಲೇ ಬೇಡ. ಬೇಕೆಂದರೆ ಹೆಂಟೆಯ ಹೊರಗೆ ಎರಡು ಕೋಲು ಊರಿ, ಸಸಿಯ ಎತ್ತರದ ಮೂರನೇ ಒಂದು ಭಾಗದಲ್ಲಿ ಅಗಲವಾದ ಬಟ್ಟೆಪಟ್ಟಿಯನ್ನು ಇಂಗ್ಲಿಷಿನ 8ರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಆರು ತಿಂಗಳಿಗೊಮ್ಮೆ ಕಟ್ಟು ಬಿಚ್ಚಿ ಕಾಂಡವನ್ನು ಮೆಲ್ಲಗೆ ಅಲುಗಿಸಿ ನೋಡಿ. ಬುಡದ ಮಣ್ಣೂ ಅಲುಗಿದರೆ ಮತ್ತೆ ಕಟ್ಟಿ. ಕಾಂಡ ಮಾತ್ರ ಬಾಗಿದರೆ ಬೇರು ಹಿಡಿದಿದೆ ಎಂದರ್ಥ, ಕೋಲು ಕಿತ್ತುಬಿಡಿ. ಒಂದು ವರ್ಷಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ.

ತಂತಿ ಕಟ್ಟಿ ಮರೆತ ಗಿಡವಿದ್ದರೆ ತಂತಿಯ ಮೇಲ್ಭಾಗ ಊದಿಕೊಂಡಿರುತ್ತದೆ, ಎಲೆಯಿಂದ ಬೇರಿಗೆ ಇಳಿಯುವ ಆಹಾರ ಅಲ್ಲಿ ತಡೆದು ನಿಂತಿದೆ. ತಂತಿ ತೊಗಟೆಯೊಳಗೆ ಹೂತುಹೋಗಿದ್ದರೆ ಎಳೆದು ಕೀಳಬೇಡಿ. ಹೊರಗೆ ಕಾಣುವಲ್ಲೆಲ್ಲ ಕತ್ತರಿಸಿ ತೆಗೆದು, ಒಳಗಿನ ತುಂಡನ್ನು ಹಾಗೇ ಬಿಡಿ. ಬಿಗಿ ತಪ್ಪಿದರೆ ಮರ ಅದರ ಸುತ್ತ ಬೆಳೆದುಕೊಳ್ಳುತ್ತದೆ.